ಸೊಣ್ಣಪ್ಪ ಕೂರಿಸಿದ ಹಲ್ಲು

ಚಾಮರಾಜಪೇಟೆಯಲ್ಲಿ ನಿಂತು ಸೊಣ್ಣಪ್ಪನ ಶೆಡ್ಡು ಎಲ್ಲಿ ಎಂದು ಕೇಳಿದರೆ, ದಾರಿ ಹೇಳುವ ಮೊದಲು ಜನ ನಿಮ್ಮ ಗಾಡಿಗೆ ಏನಾಗಿದೆ ಎಂದು ವಿಚಾರಿಸುತ್ತಾರೆ. ಬ್ರೇಕು ಎಂದರೆ ಇನ್ನೊಬ್ಬರ ಹೆಸರು ಹೇಳುತ್ತಾರೆ. ಬಣ್ಣ, ಡೆಂಟು ಎಂದರೆ ಮತ್ತೊಬ್ಬರದು. ‘ಹಿಂದಿನಿಂದ ಏನೋ ಕೂಗ್ತಿದೆ’ ಎಂದಾಗ ಮಾತ್ರ ಅವರ ಕೈ ಮಕ್ಕಳ ಕೂಟದ ಸರ್ಕಲ್ಲಿನ ಆಚೆಗಿನ ಆ ಅಡ್ಡರಸ್ತೆಯ ಕಡೆ ತಿರುಗುತ್ತದೆ.

ಜೀಪಿನ ಕೆಳಗೆ ಒಮ್ಮೆಯಾದರೂ ಬಗ್ಗಿ ನೋಡಿದವರಿಗೆ ಗೊತ್ತಿರುತ್ತದೆ. ಎರಡು ಚಕ್ರಗಳ ನಡುವೆ ಸಣ್ಣ ಕುಂಬಳಕಾಯಿಯಷ್ಟು ಗಾತ್ರದ ಕಬ್ಬಿಣದ ಉಬ್ಬು ಒಂದಿರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಹೌಸಿಂಗ್. ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಹಲ್ಲಿನ ಚಕ್ರ, ಅದಕ್ಕೆ ಕ್ರೌನು ಎನ್ನುತ್ತಾರೆ. ಅದನ್ನು ತಿರುಗಿಸುವ, ಮುಷ್ಟಿಯೊಳಗೆ ಹಿಡಿಸುವಂಥ ಇನ್ನೊಂದು ಹಲ್ಲಿನ ತುಂಡು, ಅದು ಪಿನಿಯನ್ನು. ಇಂಜಿನ್ನಿನ ಶಕ್ತಿ ಉದ್ದನೆಯ ಶಾಫ್ಟಿನಲ್ಲಿ ಹರಿದು ಬಂದು ಪಿನಿಯನ್ನನ್ನು ಸುತ್ತಿಸುತ್ತದೆ, ಪಿನಿಯನ್ನು ಕ್ರೌನನ್ನು, ಕ್ರೌನು ಚಕ್ರಗಳನ್ನು. ಈ ಎರಡರ ಹಲ್ಲು ಒಂದರೊಳಗೊಂದು ಕೂರುವುದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಕು, ಗಾಡಿ ಓಡುವಾಗ ಸಣ್ಣಗೆ ಕೂಗು ಹೊರಡುತ್ತದೆ. ಕೂಗು ಕೇಳಿಸಿತೆಂದರೆ ಒಳಗೆ ಹಲ್ಲು ಹಲ್ಲನ್ನು ತಿನ್ನುತ್ತಿದೆ ಎಂದೇ ಅರ್ಥ.

ಸೊಣ್ಣಪ್ಪನಿಗೆ ಈಗ ಅರವತ್ತನಾಲ್ಕು. ಹದಿನೆಂಟರಿಂದ ಮಾಡಿಕೊಂಡು ಬಂದಿರುವುದು ಇದೊಂದೇ ಕೆಲಸ, ಹಲ್ಲು ಕೂರಿಸುವುದು. ಅವನಿಗೊಂದು ಪದ್ಧತಿ ಉಂಟು. ಹಲ್ಲುಗಳು ಎಲ್ಲಿ ತಾಗುತ್ತವೆಂದು ನೋಡಲು ಉಳಿದವರು ಡಬ್ಬಿಯಲ್ಲಿ ಬರುವ ನೀಲಿ ಬಣ್ಣ ಹಚ್ಚುತ್ತಾರೆ. ಇವನು ಕುಂಕುಮವನ್ನು ಗೇರ್ ಎಣ್ಣೆಯಲ್ಲಿ ಕಲಸಿ, ಹಳೆಯ ಬ್ರಷ್ಷಿನಲ್ಲಿ ಕ್ರೌನಿನ ನಾಲ್ಕು ಹಲ್ಲಿಗೆ ಬಳಿದು, ಕೈಯಿಂದ ತಿರುಗಿಸುತ್ತಾನೆ. ಪಿನಿಯನ್ನು ತಾಗಿದ ಕಡೆ ಕುಂಕುಮ ಅಳಿಸಿ ಕಬ್ಬಿಣ ಮಿನುಗುತ್ತದೆ. ಆ ಮಿನುಗು ಹಲ್ಲಿನ ನಟ್ಟನಡುವೆ ಬರಬೇಕು. ಅಂಚಿಗೆ ಹೋದರೆ ಷಿಮ್ ಎಂಬ, ಕಾಗದದಷ್ಟು ತೆಳ್ಳನೆಯ ಬಿಲ್ಲೆ ಒಂದನ್ನು ಸೇರಿಸಬೇಕು, ಇಲ್ಲವೇ ತೆಗೆಯಬೇಕು. ಬೆಳಗಿನಿಂದ ಸಂಜೆವರೆಗೆ ಬಿಚ್ಚುವುದು, ಕಟ್ಟುವುದು, ಬಳಿಯುವುದು, ತಿರುಗಿಸುವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ಅಂಜಮ್ಮ ತನ್ನ ಕುಂಕುಮದ ಭರಣಿ ವಾರಕ್ಕೊಮ್ಮೆ ಖಾಲಿಯಾಗುವುದು ಕಂಡು ಗಾಬರಿಯಾಗಿದ್ದಳು. ಆಮೇಲೆ ಅವಳೇ ನಗರ್ತಪೇಟೆಯ ಅಂಗಡಿಯಿಂದ ಕೇಜಿ ಲೆಕ್ಕದಲ್ಲಿ ತರಿಸಲು ಶುರುಮಾಡಿದಳು. ಅಂಗಡಿಯವರು ಈಕೆಯನ್ನು ಯಾವುದೋ ದೇವಸ್ಥಾನದವರೆಂದು ಇವತ್ತಿಗೂ ತಿಳಿದಿದ್ದಾರೆ.

ಇನ್ನೊಂದು ಪದ್ಧತಿಯೂ ಇತ್ತು. ಯಾವ ಗಾಡಿಯಾದರೂ ಸರಿ, ಹಲ್ಲು ಕೂರಿಸಿ ಮುಗಿದ ಮೇಲೆ ಮೊದಲ ಸವಾರಿ ಅಂಜಮ್ಮನೊಂದಿಗೆ. ರಾಮಕೃಷ್ಣ ಆಶ್ರಮದ ಸರ್ಕಲ್ಲಿನಿಂದ ಬಸವನಗುಡಿಯ ಏರು ಹತ್ತಿ, ದೊಡ್ಡ ಗಣಪತಿಗೆ ಗಾಡಿಯಲ್ಲಿ ಕೂತೇ ಕೈಮುಗಿದು, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿಯನ್ನು ಸುಮ್ಮನೆ ಜಾರಲು ಬಿಟ್ಟು, ಗಾಂಧಿಬಜಾರಿನಲ್ಲಿ ತರಕಾರಿ ತೆಗೆದುಕೊಂಡು ವಾಪಸ್ಸು. ಲಾರಿಯಲ್ಲೂ ಆಕೆ ಹೀಗೆ ಹೋಗಿ ಸೊಪ್ಪು ತಂದದ್ದುಂಟು. ಅಂಜಮ್ಮನ ಪಾಲಿಗೆ ಅದು ಸಂತೆ. ಸೊಣ್ಣಪ್ಪನಿಗೆ ಅದು ಪರೀಕ್ಷೆ: ಏರಿನಲ್ಲಿ ಒತ್ತಿದಾಗ ಕೂಗಬಾರದು, ಇಳಿಜಾರಿನಲ್ಲಿ ಬಿಟ್ಟಾಗಲೂ ಕೂಗಬಾರದು. ಅವನ ಕಿವಿ ಅಂಥದ್ದು. ಮೂರು ಗಾಡಿ ಹಿಂದೆ ಬರುವ ಲಾರಿಯ ಹೌಸಿಂಗ್ ಕೇಳಿ ‘ಪಾಪ, ಇನ್ನು ಒಂದು ತಿಂಗ್ಳು’ ಎನ್ನುತ್ತಿದ್ದ ಮನುಷ್ಯ.

ಆ ಕಿವಿ ಎರಡು ವರ್ಷದ ಹಿಂದೆ ಕೈಕೊಟ್ಟಿತು. ಒಂದು ಬೆಳಗ್ಗೆ ಕುಕ್ಕರಿನ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದವನು ‘ಇನ್ನೂ ಒಂದ್ ವಿಷಲ್ಲೂ ಬಂದಿಲ್ವಲ್ಲೇ’ ಎಂದ. ಒಳಗಿನಿಂದ ಬಂದ ಅಂಜಮ್ಮ ಅವನನ್ನು ಒಂದು ಗಳಿಗೆ ನೋಡಿ, ಒಲೆ ಆರಿಸಿ ಒಳಗೆ ಹೋದಳು. ಅನ್ನ ಮುದ್ದೆಯಾಗಿತ್ತು. ಮಾತು ಕೇಳಿಸುತ್ತಿತ್ತು, ಹಾರನ್ನು ಕೇಳಿಸುತ್ತಿತ್ತು. ಸಣ್ಣ, ತೀಕ್ಷ್ಣ ಸದ್ದು ಯಾವುದೂ ಕೇಳಿಸುತ್ತಿರಲಿಲ್ಲ. ಹೌಸಿಂಗಿನ ಕೂಗು ಇರುವುದೇ ಸಣ್ಣದಾಗಿ, ತೀಕ್ಷ್ಣವಾಗಿ.

ಈ ಸಂಗತಿಯನ್ನು ಸೊಣ್ಣಪ್ಪ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾರನೆಯ ದಿನದಿಂದ ಶೆಡ್ಡಿಗೆ ಗಾಡಿ ಬರುವುದಿಲ್ಲ. ಕಣ್ಣಿಲ್ಲದವನ ಹತ್ತಿರ ಕನ್ನಡಕ ಮಾಡಿಸಲು ಯಾರು ಹೋಗುತ್ತಾರೆ? ಆದರೆ ಒಂದು ವಿಚಿತ್ರ ನೋಡಿ. ಈ ಎರಡು ವರ್ಷದಲ್ಲಿ ಅವನು ಕಟ್ಟಿಕೊಟ್ಟ ಒಂದೇ ಒಂದು ಹೌಸಿಂಗ್ ವಾಪಸ್ಸು ಬಂದಿರಲಿಲ್ಲ. ಕಿವಿಯ ಕೆಲಸವನ್ನು ಕೈಯೇ ಕಲಿತುಕೊಂಡಿದೆ ಎಂದು ಅವನು ಒಳಗೊಳಗೇ ಉಬ್ಬಿದ್ದ.

ಹೀಗಿರುವಾಗ ಒಂದು ಸೋಮವಾರ ಮಾನ್ಯ ಬಂದಳು. ನಗರ್ತಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನಯ್ಯನವರ ಮೊಮ್ಮಗಳು. ಮನೆ ಕುಮಾರ ಪಾರ್ಕಿನಲ್ಲಿ. ಅಜ್ಜನ ಹಳೆಯ ಜೀಪನ್ನು ತಾನೇ ಓಡಿಸಿಕೊಂಡು ಬಂದಿದ್ದಳು. ಮೂವತ್ತರ ಆಸುಪಾಸು, ಗಿಡ್ಡ ಕೂದಲು, ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಉದ್ದ ಪಟ್ಟಿ. ರಾಮನಗರದ ಕಡೆ ಬಂಡೆ ಹತ್ತುವ ಜೀಪುಗಳದೊಂದು ಗುಂಪಿದೆಯಂತೆ. ಬರುವ ಭಾನುವಾರ ಅವರ ವರ್ಷದ ಕೂಟ. ಹೋದ ವರ್ಷ ಇವಳ ಜೀಪು ಅರ್ಧ ಏರಿನಲ್ಲಿ ಉಸಿರುಗಟ್ಟಿ ನಿಂತು, ನಾಲ್ಕು ಜನ ತಳ್ಳಿ ಕೆಳಗಿಳಿಸಿದರಂತೆ.

‘ಅಂಕಲ್, ಮೂವತ್ಮೂರು ಇಂಚಿನ ಟೈರ್ ಹಾಕ್ಬೇಕು. ಎಲ್ರೂ ಅದೇ ಹಾಕ್ಸಿರೋದು,’ ಎಂದಳು.

‘ಹಾಕ್ಸಮ್ಮ, ಯಾರ್ ಬೇಡ ಅಂದ್ರು? ಆಮೇಲೆ ತಳ್ಳಕ್ಕೆ ನಾಲ್ಕ್ ಜನದ ಬದ್ಲು ಆರ್ ಜನ ಬೇಕಾಗ್ತಾರೆ, ಅಷ್ಟೇ.’

ಮಾನ್ಯಳಿಗೆ ಕೋಪ ಬಂತು. ಸೊಣ್ಣಪ್ಪನಿಗೆ ಗಿರಾಕಿಗಳನ್ನು ಒಮ್ಮೆ ರೇಗಿಸದಿದ್ದರೆ ಕೆಲಸ ಹತ್ತುವುದಿಲ್ಲ. ಜಾಕಿ ಹಾಕಿ ಹಿಂದಿನ ಒಂದು ಚಕ್ರ ಎತ್ತಿದ. ಸೀಮೆಸುಣ್ಣದಿಂದ ಟೈರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ ಎಳೆದ. ‘ನೀನು ಚಕ್ರ ಎರಡ್ ಸುತ್ತು ತಿರುಗ್ಸು, ನಾನು ಶಾಫ್ಟ್ ಎಣಿಸ್ತೀನಿ. ಒಂದೇ ಚಕ್ರ ಎತ್ತಿರೋದ್ರಿಂದ ಅದರ ಎರಡ್ ಸುತ್ತು ಗಾಡಿ ಲೆಕ್ಕದಲ್ಲಿ ಒಂದೇ.’ ಅವಳು ಬಗ್ಗಿ ತಿರುಗಿಸಿದಳು. ಶಾಫ್ಟು ನಾಲ್ಕು ಸುತ್ತಿನ ಮೇಲೆ ಕಾಲು ಸುತ್ತು ತಿರುಗಿ ನಿಂತಿತು.

‘ನೋಡು. ನಿಮ್ ತಾತ ತಿಂಗ್ಳಿಗೊಂದ್ಸಲ ಸಿದ್ಧಗಂಗೆಗೆ ಹೋಗೋರು. ತುಮಕೂರ್ ರೋಡಲ್ಲಿ ಗಾಡಿ ಜೋರಾಗ್ ಓಡ್ಬೇಕು ಅಂತ ನನ್ ಕೈಲೇ ಈ ಹಲ್ಲು ಹಾಕ್ಸಿದ್ರು. ಇದು ಓಡೋ ಹಲ್ಲು, ಹತ್ತೋ ಹಲ್ಲಲ್ಲ. ಇದರ್ ಮೇಲೆ ದೊಡ್ಡ ಟೈರ್ ಹಾಕಿದ್ರೆ ಇನ್ನೂ ಸೋಮಾರಿ ಆಗುತ್ತೆ. ಚಕ್ರ ಎತ್ತರ ಆದಷ್ಟೂ ಒಂದ್ ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗ್ಬೇಕು, ಇಂಜಿನ್ನಿಗೆ ಹೊರೆ.’

ಮಾನ್ಯ ಫೋನಿನಲ್ಲಿ ಏನೋ ಗುಣಿಸಿ ಭಾಗಿಸಿದಳು. ಮುಖದ ಗಂಟು ಸಡಿಲವಾಯಿತು. ‘ಹೌದು ಅಂಕಲ್. ಈಗಿರೋದಕ್ಕಿಂತ ಹದಿನೈದು ಪರ್ಸೆಂಟ್ ಎಳೆತ ಕಮ್ಮಿ ಆಗೋಗುತ್ತೆ.’ ತನ್ನ ಸೀಮೆಸುಣ್ಣವನ್ನು ಫೋನು ಒಪ್ಪಿಕೊಂಡಿತೆಂದು ಸೊಣ್ಣಪ್ಪನಿಗೆ ಖುಷಿಯಾಯಿತು. ತೋರಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಇಬ್ಬರೂ ಮೆಟ್ಟಿಲ ಮೇಲೆ ಕೂತು, ಅಂಜಮ್ಮ ಕೊಟ್ಟ ಕಾಫಿ ಕುಡಿಯುತ್ತ, ಒಂದೊಂದಾಗಿ ತೀರ್ಮಾನಿಸಿದರು. ಟೈರು ಮೂವತ್ತೊಂದು ಇಂಚು ಸಾಕು. ಕೆಸರಿಗೆಂದು ಮಾಡಿದ ದಪ್ಪ ಗಂಟಿನ ಟೈರೇ ಬೇಕೆಂದು ಮಾನ್ಯ ಹಟ ಹಿಡಿದಳು. ಬಂಡೆಗೆ ಗಂಟಿಗಿಂತ ಮೆತ್ತಗಿನ ರಬ್ಬರು ಒಳ್ಳೆಯದೆಂದು ಇವನು ಹೇಳಿದ. ಆ ಟೈರು ರಸ್ತೆಯಲ್ಲಿ ಗೊರಗೊರ ಸದ್ದು ಮಾಡುತ್ತದೆ ಎಂದೂ ಹೇಳಿದ. ‘ಸದ್ದು ನಂಗಿಷ್ಟ’ ಎಂದಳು. ಅಲ್ಲಿ ಅವಳೇ ಗೆದ್ದಳು. ಹಲ್ಲಿನ ವಿಷಯದಲ್ಲಿ ಇವನು ಗೆದ್ದ: ಕ್ರೌನಿಗೆ ನಲವತ್ತಮೂರು, ಪಿನಿಯನ್ನಿಗೆ ಎಂಟು. ಶಾಫ್ಟು ಐದೂಕಾಲು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ನಿಧಾನ, ಆದರೆ ಎಳೆತ ಜಾಸ್ತಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದ್ದರಿಂದ ಮುಂದಕ್ಕೊಂದು, ಹಿಂದಕ್ಕೊಂದು, ಒಂದೇ ಲೆಕ್ಕದ ಎರಡು ಜೊತೆ ಬೇಕು. ಬೇರೆ ಬೇರೆ ಲೆಕ್ಕದ್ದು ಹಾಕಿದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಜಗಳ ಹತ್ತಿ ಶಾಫ್ಟು ಮುರಿಯುತ್ತದೆ. ಪಟ್ಟಿಯಲ್ಲಿದ್ದ ಉಳಿದ ದುಬಾರಿ ಸಾಮಾನುಗಳನ್ನೆಲ್ಲ ಸೊಣ್ಣಪ್ಪ ‘ಮುಂದಿನ್ ವರ್ಷ ನೋಡಣ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಟ್ಟ.

ಜೊತೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ರೌನು ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ, ಹೊಂದಿಸಿ, ಎರಡರ ಮೇಲೂ ಒಂದೇ ನಂಬರು ಕೆತ್ತಿ ಕಳಿಸುತ್ತಾರೆ. ಬೇರೆ ಜೊತೆಯ ಪಿನಿಯನ್ನು ತಂದು ಹಾಕಿದರೆ ಹಲ್ಲಿನ ಎಣಿಕೆ ಸರಿಹೋಗುತ್ತದೆ, ಅಳತೆಯೂ ಸರಿಹೋಗುತ್ತದೆ, ಹೊಂದಿಕೆ ಮಾತ್ರ ಆಗುವುದಿಲ್ಲ. ಕೂಗುತ್ತದೆ. ಭಾರ ಬಿದ್ದ ದಿನ ಹಲ್ಲು ಮುರಿಯುತ್ತದೆ.

ಮಾರನೆಯ ದಿನ ಇಬ್ಬರೂ ಜೆ.ಸಿ. ರೋಡಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಸಾಮಾನು ಮಾರುವ ಲಕ್ಷ್ಮೀಶನ ಅಂಗಡಿಗೆ ಹೋದರು. ಹೊಸದು ಬೇಡ, ಈಗಿನ ಹೊಸದಕ್ಕೆ ಹದ ಕಮ್ಮಿ ಎನ್ನುವುದು ಸೊಣ್ಣಪ್ಪನ ನಂಬಿಕೆ. ಲಕ್ಷ್ಮೀಶ ಆರು ಜೊತೆ ತಂದು ನೆಲದ ಮೇಲಿಟ್ಟ. ಸೊಣ್ಣಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದು ಹಲ್ಲಿನ ಮೇಲೂ ಹೆಬ್ಬೆರಳಿನ ಉಗುರು ಎಳೆದ. ಉಗುರು ತಡೆದರೆ ಪಕ್ಕಕ್ಕೆ. ಬೆಳಕಿಗೆ ಹಿಡಿದು ನೀಲಿ ಬಣ್ಣಕ್ಕೆ ತಿರುಗಿದ್ದರೆ, ಎಣ್ಣೆಯಿಲ್ಲದೆ ಸುಟ್ಟಿದೆ ಎಂದು ಅದೂ ಪಕ್ಕಕ್ಕೆ. ಕೊನೆಗೆ ಎರಡು ಜೊತೆ ಉಳಿದವು. ನೂರಹದಿನೇಳು, ಇನ್ನೂರಮೂರು. ನಂಬರನ್ನು ಓದಿ, ತಂತಿ ತೆಗೆದು ಒಂದೊಂದು ಪಿನಿಯನ್ನನ್ನೂ ಅದರದರ ಕ್ರೌನಿಗೆ ಬಿಗಿಯಾಗಿ ಕಟ್ಟಿದ.

‘ಇದ್ಯಾಕೆ ಅಂಕಲ್?’

‘ಜೊತೆ ತಪ್ಪಬಾರ್ದು ಅಂತ. ಸೀಮೆಎಣ್ಣೇಲಿ ತೊಳ್ಯೋದೂ ಒಟ್ಟಿಗೇ. ಒಂದ್ಸಲ ಕಟ್ಟಿದ್ರೆ ಗಾಡಿಗೆ ಹಾಕೋ ತನಕ ಬಿಚ್ಚಂಗಿಲ್ಲ.’

ನಲವತ್ತಾರು ವರ್ಷ ಅವನು ಬಿಚ್ಚಿರಲೂ ಇಲ್ಲ. ಆ ಮಧ್ಯಾಹ್ನ ಬಿಚ್ಚಿದ. ಶೆಡ್ಡಿಗೆ ಬಂದ ಮೇಲೆ ಮಾನ್ಯ ತಾನೇ ಹಲ್ಲು ಎಣಿಸಬೇಕೆಂದಳು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಹಾಗೆ ಕೇಳಿರಲಿಲ್ಲ. ಎಲ್ಲರೂ ‘ಎಷ್ಟೊತ್ತಿಗ್ ಆಗುತ್ತೆ’ ಎಂದು ಕೇಳುವವರೇ. ಸೊಣ್ಣಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ತಂತಿ ಕತ್ತರಿಸಿ ನಾಲ್ಕನ್ನೂ ಬೆಂಚಿನ ಮೇಲೆ ಹರಡಿಕೊಟ್ಟ. ಅವಳು ಬೆರಳಿಟ್ಟು ನಲವತ್ತಮೂರು ಎಣಿಸಿದಳು, ಎಂಟು ಎಣಿಸಿದಳು, ಇನ್ನೊಂದು ಜೊತೆಯದನ್ನೂ ಎಣಿಸಿದಳು. ಹಲ್ಲು ಯಾಕೆ ಓರೆಯಾಗಿವೆ ಎಂದು ಕೇಳಿದಳು. ಇವನು ವಿವರಿಸಿದ. ಮಾತಿನ ಭರದಲ್ಲಿ ನಾಲ್ಕೂ ಒಂದೇ ಸೀಮೆಎಣ್ಣೆ ತೊಟ್ಟಿಗೆ ಇಳಿದವು.

ಬುಧವಾರ, ಗುರುವಾರ ಕೂರಿಸುವ ಕೆಲಸ ನಡೆಯಿತು. ಕುಂಕುಮದ ಗುರುತು ನಡುವೆಯೇ ಬಂತು. ತುಸು ಒರಟಾಗಿ, ಅಂಚು ಕಿತ್ತುಹೋದಂತೆ ಬಂತು, ಆದರೂ ನಡುವೆಯೇ ಬಂತು. ಹಳೆಯ ಹಲ್ಲಲ್ಲವೇ ಎಂದುಕೊಂಡ. ಗುರುವಾರ ಸಂಜೆ ಹೊಸ ಟೈರು ಹಾಕಿದ ಜೀಪಿನಲ್ಲಿ ಅಂಜಮ್ಮನನ್ನು ಕೂರಿಸಿಕೊಂಡು ಬಸವನಗುಡಿಯ ಏರು ಹತ್ತಿದ. ಇಳಿದ. ಅವನ ಕಿವಿಗೆ ಎಲ್ಲವೂ ಸೊಗಸಾಗಿತ್ತು.

ಅಂಜಮ್ಮ ಗಾಂಧಿಬಜಾರಿನಲ್ಲಿ ಇಳಿಯಲಿಲ್ಲ. ‘ಯಾಕೋ ತಲೆ ಸಿಡೀತಿದೆ ಕಣ್ರೀ. ಮನೆಗ್ ಹೋಗಣ. ಗಾಡೀನ ನಾಳೆನೇ ಕೊಡ್ಬೇಕಾ? ಇನ್ನೊಂದ್ಸಲ ಬಿಚ್ಚಿ ನೋಡ್ಬಿಡಿ, ಕುಂಕುಮ ಬೇಕಾದಷ್ಟಿದೆ.’

‘ನಿನ್ ತಲೆನೋವಿಗೂ ಗಾಡಿಗೂ ಏನೇ ಸಂಬಂಧ? ಭಾನುವಾರ ಆ ಹುಡ್ಗಿ ಹೋಗ್ಬೇಕು,’ ಎಂದು ಇವನು ಗದರಿದ.

ಶುಕ್ರವಾರ ಅಂಜಮ್ಮ ಓಕಳಿಪುರದ ತಂಗಿ ಬೈರಮ್ಮನ ಮನೆಗೆ ಹೋಗಿದ್ದಾಗ ಮಾನ್ಯ ಬಂದಳು. ಒಂದು ಸುತ್ತು ಇಬ್ಬರೂ ಹೋಗಿಬಂದರು. ಉಮಾ ಟಾಕೀಸಿನ ಹತ್ತಿರ ಅವಳು ಕಿವಿಗೊಟ್ಟು ಕೇಳಿದಳು. ‘ಅಂಕಲ್, ಸಣ್ಣಗೆ ಏನೋ ಕೂಗ್ತಿದ್ಯಲ್ಲ?’

ಸೊಣ್ಣಪ್ಪನಿಗೆ ಏನೂ ಕೇಳಿಸಲಿಲ್ಲ. ಮರುಕ್ಷಣವೇ ಬಾಯಿ ತಾನಾಗಿ ಆಡಿತು. ‘ಅದು ಟೈರ್ ಸದ್ದಮ್ಮ. ಹೇಳಿದ್ನಲ್ಲ, ಗಂಟಿನ ಟೈರು.’

‘ಓ, ಹೌದಲ್ಲ,’ ಎಂದು ಅವಳು ನಕ್ಕಳು. ‘ಭಾನುವಾರ ತಾತನೂ ಬರ್ತಿದಾರೆ. ನನ್ ಪಕ್ಕ ಕೂತ್ಕೊಂಡೇ ಹತ್ತಬೇಕಂತೆ. ಎಂಬತ್ತಾರು ವರ್ಷ, ಬೇಡ ಅಂದ್ರೂ ಕೇಳಲ್ಲ.’ ಕೈಬೀಸಿ ಹೊರಟುಹೋದಳು.

ಸಂಜೆ ಆರಕ್ಕೆ ಅಂಜಮ್ಮ ವಾಪಸ್ಸು ಬಂದು ಖಾಲಿ ಶೆಡ್ಡು ನೋಡಿದಳು. ‘ಕೊಟ್ಬಿಟ್ರಾ?’

‘ಕೊಟ್ಟೆ.’

ಜೀಪಿನಿಂದ ಬಿಚ್ಚಿದ ಹಳೆಯ ಟೈರು ಅಲ್ಲೇ ಬಿದ್ದಿತ್ತು. ಅದರ ಮೇಲೆ ಆಕೆ ಕೂತುಬಿಟ್ಟಳು. ‘ಅದು ಕೂಗ್ತಿತ್ತು ಕಣ್ರೀ.’

‘ಟೈರು.’

‘ಟೈರಲ್ಲ. ಟೈರ್ ಸದ್ದು ಗೊರಗೊರ ಅಂತ ಒಂದೇ ಸಮ ಇರುತ್ತೆ. ಇದು ಸೊಳ್ಳೆ ಥರ. ನೀವು ಏರಲ್ಲಿ ಒತ್ತಿದಾಗ ಬರ್ತಿತ್ತು, ಬಿಟ್ರೆ ನಿಲ್ತಿತ್ತು. ಇಳಿಜಾರಲ್ಲಿ ಇನ್ನೊಂದ್ ಥರ ಕೂಗ್ತು. ಮುಂದಿನ್ದೂ ಕೂಗ್ತಿದೆ, ಹಿಂದಿನ್ದೂ ಕೂಗ್ತಿದೆ. ನಲವತ್ ವರ್ಷ ನಿಮ್ ಪಕ್ಕ ಕೂತಿದೀನಿ, ಅಷ್ಟೂ ಗೊತ್ತಾಗಲ್ವಾ ನಂಗೆ?’

ಸೊಣ್ಣಪ್ಪ ರೇಗಲು ಬಾಯಿ ತೆರೆದ. ಹೋದ ವರ್ಷ ಶ್ರಾವಣದಲ್ಲಿ ಬಂದ ಟೆಂಪೋ ನೆನಪಾಯಿತು. ಅವತ್ತೂ ಅಂಜಮ್ಮನಿಗೆ ತಲೆನೋವು, ಅವತ್ತೂ ‘ಗಾಡೀನ ನಾಡಿದ್ದು ಕೊಟ್ರಾಗಲ್ವಾ’ ಎಂದಿದ್ದಳು. ‘ಯಾಕೋ ಅನುಮಾನ, ಇನ್ನೊಂದ್ಸಲ ಬಿಚ್ತೀನಿ’ ಎಂದು ಇವನೇ ಅಂದುಕೊಂಡು ಬಿಚ್ಚಿದಾಗ ಒಂದು ಷಿಮ್ ಕಮ್ಮಿ ಇತ್ತು. ಯುಗಾದಿಯ ಹಿಂದಿನ ವಾರದ ವ್ಯಾನು. ಅವತ್ತೂ ತಲೆನೋವು.

‘ಎಷ್ಟ್ ಸಲ ಕಣೇ ನಿಂಗೆ ತಲೆ ನೋಯ್ತು?’ ಎಂದು ಮೆಲ್ಲಗೆ ಕೇಳಿದ.

‘ಏಳ್ ಸಲ.’

‘ಕುಕ್ಕರ್ ದಿನದಿಂದ ಗೊತ್ತಾ?’

‘ಹೂಂ.’

‘ಹೇಳ್ಬಾರ್ದಿತ್ತಾ?’

‘ಹೇಳಿದ್ರೆ ಶೆಡ್ಡಿಗೆ ಬೀಗ ಹಾಕ್ಬಿಡ್ತಿದ್ರಿ. ಆಮೇಲೆ ಮನೇಲಿ ಕೂತ್ಕೊಂಡು ಏನ್ ಮಾಡ್ತಿದ್ರಿ ನೀವು?’

ಸೊಣ್ಣಪ್ಪನಿಗೆ ಅವಮಾನವಾಯಿತು. ತನ್ನ ಕೈ ಏನನ್ನೂ ಕಲಿತಿರಲಿಲ್ಲ. ಎರಡು ವರ್ಷ ಅವನ ಹೆಸರು ಉಳಿಸಿದ್ದು ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದವಳು. ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು. ಬಂಡೆಯ ಏರಿನ ಮಧ್ಯೆ ಹಲ್ಲು ಮುರಿದರೆ ಜೀಪು ಹಿಂದಕ್ಕೆ ಜಾರುತ್ತದೆ. ಒಳಗೆ ಆ ಹುಡುಗಿ, ಪಕ್ಕದಲ್ಲಿ ಎಂಬತ್ತಾರರ ಮುದುಕ. ಕೂಗುತ್ತಿದೆಯೆಂದು ಮಾನ್ಯ ಹೇಳಿಯೇ ಇದ್ದಳು. ಅವಳ ಕಿವಿ ಚೆನ್ನಾಗಿತ್ತು. ಅವಳ ಕಿವಿಯನ್ನೂ ಮುಚ್ಚಿ ಕಳಿಸಿದ್ದು ತಾನು.

ಅಂಜಮ್ಮ ಫೋನು ತಂದು ಕೈಗಿಟ್ಟಳು. ‘ಗಾಡಿ ಹೊರಗೆ ತೆಗೀಬೇಡಮ್ಮ, ಬೆಳಗ್ಗೆ ಬರ್ತೀನಿ,’ ಎಂದಷ್ಟೇ ಹೇಳಿ ಇಟ್ಟ. ಉಳಿದದ್ದನ್ನು ಎದುರಿಗೆ ನಿಂತು ಹೇಳಬೇಕೆಂದು ಅವನಿಗೆ ಅನ್ನಿಸಿತ್ತು.

ಶನಿವಾರ ಎಂಟು ಗಂಟೆಗೆ ಗಂಡ ಹೆಂಡತಿ ಕುಮಾರ ಪಾರ್ಕಿನ ಮನೆ ಮುಂದೆ ಆಟೋ ಇಳಿದರು. ಮಲ್ಲಿಕಾರ್ಜುನಯ್ಯನವರು ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ, ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ಮಾನ್ಯ ಜೀಪಿಗೆ ಹಗ್ಗ, ನೀರಿನ ಕ್ಯಾನು ತುಂಬುತ್ತಿದ್ದಳು.

ಸೊಣ್ಣಪ್ಪ ಚಪ್ಪಲಿ ಬಿಟ್ಟು ನಿಂತು, ತಲೆ ತಗ್ಗಿಸಿ ಹೇಳಿದ. ‘ಯಜಮಾನ್ರೇ, ನಂಗೆ ಕಿವಿ ಕೇಳ್ಸಲ್ಲ.’

‘ಆಂ?’ ಎಂದರು ಮಲ್ಲಿಕಾರ್ಜುನಯ್ಯ, ಕಿವಿಯ ಹಿಂದೆ ಕೈಯಿಟ್ಟು.

‘ನಂಗೆ ಕಿವಿ ಕೇಳ್ಸಲ್ಲ ಅಂದೆ.’

‘ಏನು, ಜೋರಾಗ್ ಹೇಳಪ್ಪ!’

‘ನಂಗೆ ಕಿವಿ ಕೇಳ್ಸಲ್ಲ ಯಜಮಾನ್ರೇ!’ ಸೊಣ್ಣಪ್ಪ ಗಂಟಲು ಹರಿಯುವಂತೆ ಕೂಗಿದ. ಎದುರು ಮನೆಯಲ್ಲಿ ರಂಗೋಲಿ ಬಿಡುತ್ತಿದ್ದವರು ತಲೆ ಎತ್ತಿ ನೋಡಿದರು. ಎರಡು ವರ್ಷ ಬಚ್ಚಿಟ್ಟಿದ್ದು ಒಂದು ನಿಮಿಷದಲ್ಲಿ ರಸ್ತೆಗೆಲ್ಲ ತಿಳಿಯಿತು.

‘ಓ, ಅಷ್ಟೇನಾ?’ ಎಂದರು ಮಲ್ಲಿಕಾರ್ಜುನಯ್ಯ. ‘ನಂಗೂ ಹತ್ ವರ್ಷದಿಂದ ಇಲ್ಲ. ಕೂತ್ಕೋ, ಕಾಫಿ ಕುಡಿ.’

ಸೊಣ್ಣಪ್ಪ ಕೂರಲಿಲ್ಲ. ಮಾನ್ಯಳ ಕಡೆ ತಿರುಗಿ ಉಳಿದದ್ದನ್ನು ಹೇಳಿದ. ಹಲ್ಲು ಕೂಗುತ್ತಿದೆ, ತನಗೆ ಕೇಳಿಸಿರಲಿಲ್ಲ, ಕೇಳಿಸಿತೆಂಬಂತೆ ಟೈರಿನ ಮೇಲೆ ಹಾಕಿ ಸುಳ್ಳು ಹೇಳಿದೆ, ಈ ಗಾಡಿ ನಾಳೆ ಬೆಟ್ಟ ಹತ್ತಕೂಡದು. ಅವಳು ಹಗ್ಗದ ಸುರುಳಿ ಹಿಡಿದುಕೊಂಡೇ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ವರ್ಷವಿಡೀ ಕಾದ ಭಾನುವಾರ ಕೈತಪ್ಪಿತ್ತು.

‘ನಂಗೆ ಕೇಳ್ಸಿತ್ತು ಅಂಕಲ್,’ ಎಂದಳು. ‘ಸರಿಯಾಗೇ ಕೇಳ್ಸಿತ್ತು. ನೀವ್ ಹೇಳಿದ್ರಿ ಅಂತ ನನ್ ಕಿವೀನೇ ನಂಬ್ಲಿಲ್ಲ.’

ಸೊಣ್ಣಪ್ಪ ಜೀಪಿನ ಬೀಗದ ಕೈಗಾಗಿ ಕೈ ಚಾಚಿದ.

ಮಧ್ಯಾಹ್ನ ಶೆಡ್ಡಿನಲ್ಲಿ ಹೌಸಿಂಗುಗಳನ್ನು ಬಿಚ್ಚಿದರು. ಹಿಂದಿನ ಕ್ರೌನಿನ ಮೇಲೆ ನೂರಹದಿನೇಳು, ಅದರ ಪಿನಿಯನ್ನಿನ ಮೇಲೆ ಇನ್ನೂರಮೂರು. ಮುಂದಿನದರಲ್ಲಿ ತಿರುಗಾಮುರುಗಾ. ಮಾನ್ಯ ನಂಬರುಗಳನ್ನು ಮತ್ತೊಮ್ಮೆ ಓದಿದಳು. ‘ಎಣಿಸೋವಾಗ ನಾನೇ ಅದಲುಬದಲು ಇಟ್ಟಿರ್ಬೇಕು...’

‘ತಂತಿ ಬಿಚ್ಚಿದ್ದು ನಾನು,’ ಎಂದ ಸೊಣ್ಣಪ್ಪ. ‘ನಂಬರ್ ನೋಡ್ದೇ ಹಾಕಿದ್ದೂ ನಾನೇ. ಒಂಚೂರ್ ಕುಂಕುಮ ಕಲಸ್ಕೊಡು.’

ಭಾನುವಾರ ಕಳೆಯಿತು. ಮಂಗಳವಾರ ಬೆಳಗ್ಗೆ ಜೀಪು ಮತ್ತೆ ಸಿದ್ಧವಾಯಿತು. ಸೊಣ್ಣಪ್ಪ ಕೈ ಒರೆಸಿಕೊಂಡು ಬೀಗದ ಕೈಯನ್ನು ಮಾನ್ಯಳಿಗೆ ಕೊಟ್ಟ. ಅಂಜಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಿದ. ತಾನು ಹಿಂದೆ, ಜಾಕಿ ಸ್ಪ್ಯಾನರುಗಳ ನಡುವೆ ಅಡ್ಡ ಬೆಂಚಿನ ಮೇಲೆ ಕೂತ. ಇಷ್ಟು ವರ್ಷದಲ್ಲಿ ತಾನು ಕಟ್ಟಿದ ಗಾಡಿಯ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು.

ಆಶ್ರಮದ ಸರ್ಕಲ್ಲು ದಾಟಿ ಮಾನ್ಯ ಏರಿನಲ್ಲಿ ಒತ್ತಿದಳು. ಜೀಪು ಸಲೀಸಾಗಿ ಹತ್ತಿತು. ಅಂಜಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಸೊಣ್ಣಪ್ಪ ಅವಳ ತುರುಬಿನಲ್ಲಿದ್ದ ಕನಕಾಂಬರವನ್ನೇ ನೋಡುತ್ತಿದ್ದ. ದೊಡ್ಡ ಗಣಪತಿಯ ಮುಂದೆ ಅವಳು ಕೈಮುಗಿದಳು. ಇಳಿಜಾರಿನಲ್ಲಿ ಮಾನ್ಯ ಕಾಲು ತೆಗೆದಳು, ಗಾಡಿ ತಾನಾಗಿ ಜಾರಿತು. ಇಳಿಜಾರು ಮುಗಿಯಿತು.

ಸೊಣ್ಣಪ್ಪ ಮುಂದಕ್ಕೆ ಬಗ್ಗಿ ಕೇಳಿದ. ‘ಏನೇ, ತಲೆ ನೋಯ್ತಿದ್ಯಾ?’

ಅಂಜಮ್ಮ ಹಿಂದಕ್ಕೆ ತಿರುಗಿ, ಅವನಿಗೆ ಚೆನ್ನಾಗಿ ಕೇಳಿಸುವ ಹಾಗೆ ಜೋರಾಗಿ ಹೇಳಿದಳು. ‘ಇಲ್ಲ ಕಣ್ರೀ. ಒಂಚೂರೂ ಇಲ್ಲ.’